‘ಲೈಸ್ ಆಫ್ ಪಿ’ ಎರಡನೇ ಭಾಗ ಬರುವವರೆಗೆ ಏನು ಆಡೋಣ: ಪಿನೋಕಿಯೊನಾ, ಆಲಿಸಳಾ?

ಪಿನೋಕಿಯೊ ಎಂಬ ಮರದ ಬೊಂಬೆಯ ಕಥೆಯ ಮೇಲೆ ಕಟ್ಟಿದ ವಿಡಿಯೊ ಗೇಮ್ ‘ಲೈಸ್ ಆಫ್ ಪಿ’. ಕ್ರೆಡಿಟ್ಸ್ ಪೂರ್ತಿ ಮೇಲಕ್ಕೆ ಸರಿದ ಮೇಲೆ ಅದು ಇನ್ನೊಂದು ಪುಟ್ಟ ದೃಶ್ಯ ತೋರಿಸುತ್ತದೆ. ಆಟ ಮುಗಿಸಿರದವರು ಈ ಪ್ಯಾರಾ ದಾಟಿ ಮುಂದಿನದಕ್ಕೆ ಹೋಗಿ, ಇಲ್ಲಿ ಗುಟ್ಟು ರಟ್ಟಾಗುತ್ತದೆ. ಆಟದುದ್ದಕ್ಕೂ ನಾವು ಅಷ್ಟಾಗಿ ಗಮನ ಕೊಡದೆ ಬಿಟ್ಟಿದ್ದ ಒಬ್ಬ ಮನುಷ್ಯ ಮಾತಾಡುತ್ತಾ ಒಂದು ಹೆಸರು ಹೇಳುತ್ತಾನೆ: ಡೊರೊಥಿ. ಆಮೇಲೆ ನಗರದ ಮೇಲೆ ಎತ್ತರದಲ್ಲಿ ನಿಂತ ಹುಡುಗಿಯೊಬ್ಬಳ ಕಾಲು, ಹಿಮ್ಮಡಿಗೆ ಹಿಮ್ಮಡಿ ತಾಗುವ ಸದ್ದು, ಅಷ್ಟೇ. ಡೊರೊಥಿ ಅಂದರೆ 1900ರಲ್ಲಿ ಅಮೆರಿಕದ ಎಲ್. ಫ್ರಾಂಕ್ ಬಾಮ್ ಬರೆದ ಓಝ್ ಕಥೆಯ ಹುಡುಗಿ, ಸುಂಟರಗಾಳಿಗೆ ಸಿಕ್ಕಿ ಮನೆ ಸಮೇತ ಬೇರೊಂದು ಲೋಕಕ್ಕೆ ಹಾರಿ ಹೋದವಳು. ಆ ಕೆಲವೇ ಸೆಕೆಂಡುಗಳನ್ನು ನೋಡಿದ ದಿನದಿಂದ ನಾನು ಎರಡನೇ ಭಾಗಕ್ಕೆ ಕಾಯುತ್ತಿದ್ದೇನೆ.

ಕಾಯುವುದಕ್ಕೆ ಆಧಾರವೂ ಇದೆ. 2023ರ ಸೆಪ್ಟೆಂಬರ್ 19ಕ್ಕೆ ಆಟ ಬಂತು. ದಕ್ಷಿಣ ಕೊರಿಯಾದ ನಿಯೋವಿಝ್ ಕಂಪನಿಯ ರೌಂಡ್8 ಸ್ಟುಡಿಯೊ ಮಾಡಿದ್ದು. ಅದೇ ವರ್ಷದ ನವೆಂಬರಿನಲ್ಲಿ ನಿರ್ದೇಶಕ ಚೋಯ್ ಜೀ-ವನ್ ಆಟಗಾರರೊಂದಿಗೆ ನೇರವಾಗಿ ಮಾತಾಡುತ್ತಾ, ಹೆಚ್ಚುವರಿ ಅಧ್ಯಾಯದ ಜೊತೆಗೆ ಸೀಕ್ವೆಲ್ ಕೆಲಸವೂ ನಡೆದಿದೆ ಎಂದರು. ಹೆಚ್ಚುವರಿ ಅಧ್ಯಾಯ ‘ಓವರ್ಚರ್’ 2025ರ ಜೂನ್‌ನಲ್ಲಿ ಬಂದೂ ಆಯಿತು. ಇನ್ನುಳಿದಿರುವುದು ಎರಡನೇ ಭಾಗ.

ಅದು ಬರುವವರೆಗೆ ಏನು ಆಡೋದು ಅಂತ ಗೆಳೆಯರು ಮೇಲಿಂದ ಮೇಲೆ ಕೇಳುತ್ತಾರೆ. ಮಕ್ಕಳ ಕಥೆಯನ್ನು ಕತ್ತಲಿಗೆ ಒಯ್ದು ಕಟ್ಟಿದ ಆಟಗಳಲ್ಲಿ ನಾನು ಕಣ್ಣು ಮುಚ್ಚಿ ಹೇಳಬಲ್ಲವು ನಾಲ್ಕೇ: ‘ಲೈಸ್ ಆಫ್ ಪಿ’, ಅದರದೇ ‘ಓವರ್ಚರ್’, 2000ದ ‘ಅಮೆರಿಕನ್ ಮೆಕ್‌ಗೀಸ್ ಆಲಿಸ್’, 2011ರ ‘ಆಲಿಸ್: ಮ್ಯಾಡ್‌ನೆಸ್ ರಿಟರ್ನ್ಸ್’. ಕತ್ತಲು ಎಂಬ ಒಂದೇ ಪದದಲ್ಲಿ ನಾಲ್ಕನ್ನೂ ಕಟ್ಟಿಹಾಕುತ್ತೇವೆ, ಆದರೆ ಪಿನೋಕಿಯೊನ ಕತ್ತಲೇ ಬೇರೆ, ಆಲಿಸಳ ಕತ್ತಲೇ ಬೇರೆ. ಯಾವುದು ನಿಮಗೆ ಒಗ್ಗುತ್ತದೆ ಅನ್ನುವುದು ಕಂಪ್ಯೂಟರಿನ ತಾಕತ್ತಿಗಿಂತ ನಿಮ್ಮ ಮನಸ್ಸಿನ ಮೇಲೆ ನಿಂತಿದೆ.

ಮೊದಲೇ ಒಂದು ಮಾತು. ಮಕ್ಕಳ ಕಥೆ ಎಂಬ ಹೆಸರು ನೋಡಿ ಇವನ್ನು ಮಕ್ಕಳ ಕೈಗೆ ಕೊಡಬೇಡಿ. ಎಲ್ಲಕ್ಕೂ ಅಮೆರಿಕದಲ್ಲಿ ಹದಿನೇಳು ತುಂಬಿದವರ ‘ಎಂ’ ಮುದ್ರೆ ಬಿದ್ದಿದೆ. 2011ರ ಆಲಿಸ್ ಅಂತೂ ಮಕ್ಕಳ ಮೇಲಿನ ದೌರ್ಜನ್ಯವನ್ನೇ ಕಥೆಯ ನಡುಮಧ್ಯ ಇಟ್ಟುಕೊಂಡಿದೆ. ದೊಡ್ಡವರೂ ಅದನ್ನು ತಿಳಿದೇ ಕೈಗೆತ್ತಿಕೊಳ್ಳಬೇಕು.

ಕತ್ತಲು ಮೂಲದಲ್ಲೇ ಇತ್ತು

ಪಾಪದ ಪಿನೋಕಿಯೊನನ್ನು ರಕ್ತ, ಎಣ್ಣೆ, ಮಸಿಯಲ್ಲಿ ಅದ್ದಿಬಿಟ್ಟರಲ್ಲ ಎಂದು ಕೆಲವರು ಬೇಸರ ಮಾಡಿಕೊಳ್ಳುತ್ತಾರೆ. ಮೂಲ ಕಥೆ ಓದಿದರೆ ಆ ಬೇಸರ ಉಳಿಯುವುದಿಲ್ಲ. ಕಾರ್ಲೊ ಕೊಲ್ಲೋಡಿ ಇದನ್ನು 1881ರಲ್ಲಿ ಇಟಲಿಯ ಮಕ್ಕಳ ಪತ್ರಿಕೆಯೊಂದಕ್ಕೆ ಧಾರಾವಾಹಿಯಾಗಿ ಬರೆದದ್ದು. ಬುದ್ಧಿ ಹೇಳಲು ಬಂದ ಮಾತಾಡುವ ಮಿಡತೆಯನ್ನು ಬೊಂಬೆ ಸುತ್ತಿಗೆ ಎಸೆದು ಕೊಂದುಬಿಡುತ್ತದೆ. ಹದಿನೈದನೇ ಅಧ್ಯಾಯದಲ್ಲಿ ನರಿಯೂ ಬೆಕ್ಕೂ ಸೇರಿ ಪಿನೋಕಿಯೊನನ್ನು ಓಕ್ ಮರಕ್ಕೆ ನೇಣು ಹಾಕುತ್ತವೆ. ಕೊಲ್ಲೋಡಿ ಕಥೆಯನ್ನು ಅಲ್ಲಿಗೇ ಮುಗಿಸಿದ್ದರು! ಓದುತ್ತಿದ್ದವರು ಒಪ್ಪಲಿಲ್ಲ, ಪತ್ರಿಕೆಯವರೂ ಮುಂದುವರಿಸಿ ಎಂದರು. 1882ರ ಫೆಬ್ರುವರಿಯಲ್ಲಿ ಕಥೆ ಮತ್ತೆ ಶುರುವಾಯಿತು, 1883ರಲ್ಲಿ ಪುಸ್ತಕವಾಯಿತು. ಸುಳ್ಳು ಹೇಳಿದ್ದಕ್ಕೆ ಮೂಗು ಉದ್ದವಾಗುವ ಪ್ರಸಂಗ ಬರುವುದು ಈ ಮುಂದುವರಿದ ಭಾಗದಲ್ಲೇ. ಮುಂದಿನ ಕಂತಿಗೆ ಪಟ್ಟು ಹಿಡಿದು ಕಾದವರು ಇಲ್ಲದಿದ್ದರೆ ಪಿನೋಕಿಯೊ ಆ ಮರದಲ್ಲೇ ನೇತಾಡುತ್ತಿದ್ದ.

ಆಲಿಸ್ ಕನ್ನಡಕ್ಕೆ ಹೊಸಬಳಲ್ಲ. ನಾ. ಕಸ್ತೂರಿಯವರ ‘ಪಾತಾಳದಲ್ಲಿ ಪಾಪಚ್ಚಿ’ ಓದಿ ಬೆಳೆದವರಿಗೆ ಅವಳು ಪಾಪಚ್ಚಿಯೇ. ಲೂಯಿಸ್ ಕ್ಯಾರೊಲ್ 1865ರಲ್ಲಿ ಬರೆದ ಕಥೆಯಲ್ಲೂ ಮಾತೆತ್ತಿದರೆ ತಲೆ ಕಡಿಯಿರಿ ಎನ್ನುವ ರಾಣಿ ಇದ್ದಾಳೆ, ಮೈ ಇದ್ದಕ್ಕಿದ್ದಂತೆ ಹಿಗ್ಗಿ ಕುಗ್ಗಿ ತನ್ನ ಗುರುತೇ ತನಗೆ ತಪ್ಪುವ ಹೆದರಿಕೆ ಇದೆ. ಮಗುವಾಗಿದ್ದಾಗ ನಕ್ಕು ಮುಂದೆ ಹೋಗುತ್ತೇವೆ. ಆಟ ಮಾಡಿದವರು ನಗದೆ ಅಲ್ಲೇ ನಿಂತು ನೋಡಿದರು.

ಪಿನೋಕಿಯೊ: ಸುಳ್ಳು ಹೇಳಿದರೆ ಮನುಷ್ಯ

ಕ್ರಾಟ್ ಎಂಬ ಕಲ್ಪಿತ ನಗರ. ಹತ್ತೊಂಬತ್ತನೇ ಶತಮಾನದ ಕೊನೆಯ ಯುರೋಪಿನ ಬೆಡಗು, ಗ್ಯಾಸ್ ದೀಪ, ಟ್ರಾಮು, ಒಪೆರಾ. ಮನೆಗೆಲಸಕ್ಕೆ, ಪೊಲೀಸ್ ಪಹರೆಗೆ, ಮೆರವಣಿಗೆಗೆ ಎಲ್ಲಕ್ಕೂ ಯಂತ್ರದ ಬೊಂಬೆಗಳು. ಒಂದು ರಾತ್ರಿ ಆ ಬೊಂಬೆಗಳೇ ತಿರುಗಿಬಿದ್ದು ಜನರನ್ನು ಕೊಲ್ಲುತ್ತವೆ, ಇನ್ನೊಂದು ಕಡೆ ಮೈಯನ್ನು ಕಲ್ಲಾಗಿಸುವ ರೋಗ. ಇದರ ನಡುವೆ ನಾವು ಗೆಪೆಟ್ಟೊ ಮಾಡಿದ ಬೊಂಬೆ. ಮಿಡತೆ ಜೆಮಿನಿ ಸೊಂಟದ ದೀಪದೊಳಗೆ ಕೂತು ಮಾತಾಡುತ್ತಿರುತ್ತದೆ. ಬೊಂಬೆಗಳು ಸುಳ್ಳು ಹೇಳಲಾರವು ಎಂಬುದು ಈ ಲೋಕದ ಕಟ್ಟುಪಾಡು. ನಾವು ಮಾತ್ರ ಹೇಳಬಲ್ಲೆವು, ಹೇಳಿದಷ್ಟೂ ಮನುಷ್ಯತ್ವದ ಕಡೆ ವಾಲುತ್ತೇವೆ.

ಒಂದು ಕಿಟಕಿಯ ಮಾತು ಹೇಳಲೇಬೇಕು. ಆಟದ ಮೊದಲ ಗಂಟೆಗಳಲ್ಲೇ, ಎಲಿಸಿಯನ್ ಬೊಲೆವಾರ್ಡ್ ಎಂಬ ಬೀದಿಯಲ್ಲಿ, ಕಿಟಕಿಯೊಂದರ ಹಿಂದೆ ಒಬ್ಬ ಹೆಂಗಸು ಅಳುತ್ತಿರುತ್ತಾಳೆ. ಮುಖ ಕಾಣುವುದಿಲ್ಲ, ಹಳದಿ ಬೆಳಕು, ದನಿ ಅಷ್ಟೇ. ಅವಳಿಗೆ ರೋಗ ತಗುಲಿದೆ, ಕಳೆದುಹೋದ ಮಗುವನ್ನು ಹುಡುಕಿಕೊಡು ಎನ್ನುತ್ತಾಳೆ. ಹುಡುಕುತ್ತಾ ಹೋದರೆ ಸಿಗುವುದು ಒಡೆದ ಒಂದು ಬೊಂಬೆ ಕೂಸು. ತಂದು ಕೊಟ್ಟಾಗ ಅವಳು ಕೇಳುತ್ತಾಳೆ, ಮಗು ಮುದ್ದಾಗಿದೆ ಅಲ್ಲವೇ ಎಂದು. ಪರದೆ ಮೇಲೆ ಎರಡು ಉತ್ತರ: ಮುದ್ದಾದ ಮಗು ಅನ್ನಬಹುದು, ಇದು ಬೊಂಬೆ ಅನ್ನಬಹುದು. ನಾನು ಕಂಟ್ರೋಲರ್ ಹಿಡಿದು ಎಷ್ಟೋ ಹೊತ್ತು ಸುಮ್ಮನೆ ಕೂತಿದ್ದೆ. ಗೋವಿನ ಹಾಡು ಬಾಯಿಪಾಠ ಮಾಡಿ ಬೆಳೆದವರು ನಾವು. ಕೊಟ್ಟ ಮಾತಿಗೆ ತಪ್ಪದೆ ಹುಲಿಯ ಮುಂದೆ ಹೋಗಿ ನಿಂತ ಪುಣ್ಯಕೋಟಿ ನಮ್ಮ ಮೊದಲ ಕಥೆ. ಅಂಥವರಿಗೆ ಈ ಕಿಟಕಿಯ ಮುಂದೆ ನಿಂತು ಸುಳ್ಳಿನ ಗುಂಡಿ ಒತ್ತುವುದು ಸಲೀಸಲ್ಲ. ನಾನು ಮುದ್ದಾದ ಮಗು ಅಂದೆ. ಅವಳ ದನಿಯಲ್ಲಿ ಬಂದ ನೆಮ್ಮದಿ ಇವತ್ತಿಗೂ ಕಿವಿಯಲ್ಲಿದೆ.

ಈ ಆಟದ ಕತ್ತಲು ಇಂಥದ್ದು. ಸುತ್ತಲೂ ಹೆಣ ಬಿದ್ದಿದ್ದರೂ ಒಳಗೆ ಮೃದು. ಆದರೆ ಆ ಮೃದುತನದವರೆಗೆ ತಲುಪಬೇಕಾದರೆ ಕಾದಾಡಬೇಕು, ಜನ ‘ಸೋಲ್ಸ್‌ಲೈಕ್’ ಅನ್ನುವ ಜಾತಿಯ ಆಟ ಇದು. ಸತ್ತರೆ ಕೂಡಿಟ್ಟ ಎರ್ಗೊ (ಬಲ ಹೆಚ್ಚಿಸಿಕೊಳ್ಳಲು ಖರ್ಚು ಮಾಡುವ ಶಕ್ತಿ) ಅಲ್ಲೇ ಬಿದ್ದಿರುತ್ತದೆ, ಮತ್ತೆ ಹೋಗಿ ಎತ್ತಿಕೊಳ್ಳಬೇಕು. ಏಟು ಬೀಳುವ ಕ್ಷಣಕ್ಕೆ ಸರಿಯಾಗಿ ಅಡ್ಡ ಹಿಡಿಯುವ ‘ಪರ್ಫೆಕ್ಟ್ ಗಾರ್ಡ್’ ಕೈಗೆ ಹತ್ತುವವರೆಗೆ ಗೋಳು, ಹತ್ತಿದ ಮೇಲೆ ಅದೊಂದು ತಾಳ. ಸ್ವಲ್ಪ ಮುಂಚೆಯೇ ಅಡ್ಡ ಹಿಡಿದರೂ ಪೂರ್ತಿ ನಷ್ಟವಿಲ್ಲ, ತಕ್ಷಣ ತಿರುಗಿ ಹೊಡೆದರೆ ಕಳೆದ ಜೀವದಲ್ಲಿ ಒಂದಷ್ಟು ವಾಪಸ್ ಬರುತ್ತದೆ. ಕತ್ತಿಯ ಅಲಗನ್ನೂ ಹಿಡಿಯನ್ನೂ ಬೇರೆ ಮಾಡಿ ಬೇಕಾದ ಹಾಗೆ ಜೋಡಿಸಬಹುದು. ಬೇರೆ ಯಾವ ಆಟದಲ್ಲೂ ನಾನು ಆಯುಧಗಳ ಜೊತೆ ಇಷ್ಟು ಹೊತ್ತು ಕಳೆದಿಲ್ಲ.

ಕಷ್ಟ ಎಂದು ದೂರ ನಿಂತವರು ಈಗ ವಾಪಸ್ ಬರಬಹುದು. ‘ಓವರ್ಚರ್’ ಬಂದಾಗ ಆಟದಲ್ಲಿ ಮೂರು ಹಂತದ ಕಾಠಿಣ್ಯ ಸೇರಿಸಿದರು. ‘ಬಟರ್‌ಫ್ಲೈಸ್ ಗೈಡೆನ್ಸ್’ ಎಲ್ಲಕ್ಕಿಂತ ಸುಲಭ, ‘ಅವೇಕನ್ಡ್ ಪಪೆಟ್’ ನಡುವಿನದು, ‘ಲೆಜೆಂಡರಿ ಸ್ಟಾಕರ್’ ಮೂಲದಲ್ಲಿದ್ದ ಬಿಗಿ. ಕಥೆಗಾಗಿ ಆಡುವವರು ಸುಲಭದ್ದನ್ನೇ ತೆಗೆದುಕೊಳ್ಳಿ, ಅದರಲ್ಲಿ ಯಾವ ಅವಮಾನವೂ ಇಲ್ಲ. ಶುರುವಿನಲ್ಲಿ ಮೂರು ದಾರಿ ಕೊಡುತ್ತಾರೆ. ಮಿಡತೆಯ ದಾರಿ ಅಂದರೆ ‘ಪಾತ್ ಆಫ್ ದಿ ಕ್ರಿಕೆಟ್’ ಹಿಡಿದರೆ ಸಿಗುವ ಸೇಬರ್ ಕತ್ತಿ ಹೊಸಬರಿಗೆ ಹೇಳಿ ಮಾಡಿಸಿದ್ದು. ಬಹಳಷ್ಟು ಬಾಸ್‌ಗಳ, ಅಂದರೆ ದೊಡ್ಡ ಶತ್ರುಗಳ, ಬಾಗಿಲಲ್ಲಿ ಸ್ಟಾರ್ ಫ್ರ್ಯಾಗ್ಮೆಂಟ್ ಎಂಬ ವಸ್ತು ಖರ್ಚು ಮಾಡಿ ಜೊತೆಗಾರನನ್ನು ಕರೆಯಬಹುದು. ಮೊದಲ ಸಲ ಆಡುವಾಗ ನಾನು ಹಟಕ್ಕೆ ಬಿದ್ದು ಕರೆಯಲಿಲ್ಲ, ಒಂದೇ ಬಾಸ್ ಹತ್ತಿರ ಮೂರು ಸಂಜೆ ಹೋಯಿತು.

ಪಿಸಿಯವರಿಗೆ ಲೆಕ್ಕ: ಕನಿಷ್ಠ 8 ಜಿಬಿ ರ‍್ಯಾಮ್, ಜಿಟಿಎಕ್ಸ್ 960 ದರ್ಜೆಯ ಗ್ರಾಫಿಕ್ಸ್ ಕಾರ್ಡು, 80 ಜಿಬಿ ಜಾಗ. ಇಷ್ಟು ಚೆಂದ ಕಾಣುವ ಆಟಕ್ಕೆ ಇದು ಕಡಿಮೆಯೇ. ಪಿಎಸ್4, ಪಿಎಸ್5, ಎಕ್ಸ್‌ಬಾಕ್ಸ್ ಒನ್, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್/ಎಸ್, ಮ್ಯಾಕ್ ಎಲ್ಲದರಲ್ಲೂ ಇದೆ.

ಓವರ್ಚರ್: ಯಾವಾಗ ಆಡಬೇಕು ಅನ್ನೋದೇ ಪ್ರಶ್ನೆ

ಇದು ಬೇರೆ ಆಟವಲ್ಲ, ‘ಲೈಸ್ ಆಫ್ ಪಿ’ ಇಲ್ಲದೆ ಓಡುವುದಿಲ್ಲ. ಕಥೆ ಹಿಂದಕ್ಕೆ ಹೋಗುತ್ತದೆ, ಬೊಂಬೆಗಳು ತಿರುಗಿಬಿದ್ದ ಹೊತ್ತಿನ ಕ್ರಾಟ್‌ಗೆ. ಹಿಮ ಬಿದ್ದ ದಾರಿ, ಪಾಳುಬಿದ್ದ ಪ್ರಾಣಿಸಂಗ್ರಹಾಲಯ, ಲೆಯಾ ಎಂಬ ಹೆಣ್ಣು ಯೋಧೆ. ಮೂಲ ಆಟದಲ್ಲಿ ಬರೀ ಪತ್ರಗಳಲ್ಲಿ ಕೇಳಿದ್ದ ಹೆಸರುಗಳಿಗೆ ಇಲ್ಲಿ ಮುಖ ಬರುತ್ತದೆ.

ಮೂಲ ಆಟದಲ್ಲಿ ಒಂಬತ್ತನೇ ಅಧ್ಯಾಯ ತಲುಪಿದ ಮೇಲೆ ಇದರ ಬಾಗಿಲು ತೆರೆಯುತ್ತದೆ. ಮೂಲ ಆಟ ಪೂರ್ತಿ ಮುಗಿಸಿ ಆಮೇಲೆ ನೋಡೋಣ ಎಂದು ನಾನು ಇಟ್ಟುಕೊಂಡಿದ್ದೆ, ಅದು ತಪ್ಪು. ಒಂಬತ್ತು ತಲುಪಿದ ಕೂಡಲೇ ಹೋಗಿ ಬನ್ನಿ. ಇಲ್ಲಿ ಕಂಡದ್ದರ ಭಾರ ಹೊತ್ತು ಕೊನೆಯ ಅಧ್ಯಾಯಗಳಿಗೆ ಹೋದರೆ ಗೆಪೆಟ್ಟೊ ಆಡುವ ಒಂದೊಂದು ಮಾತೂ ಬೇರೆಯಾಗಿ ಕೇಳಿಸುತ್ತದೆ. ನಾನು ಎರಡನೇ ಸಲ ಹಾಗೆ ಆಡಿದೆ, ಕೊನೆಯ ಆಯ್ಕೆಯ ಮುಂದೆ ಕೈ ನಡುಗಿತು.

ಆಲಿಸ್: ತನ್ನ ತಲೆಯೊಳಗೇ ಕಳೆದುಹೋದವಳು

ಆಲಿಸ್ ಆಟಗಳ ಹಿಂದಿರುವ ಅಮೆರಿಕನ್ ಮೆಕ್‌ಗೀ, ‘ಡೂಮ್’ ಮತ್ತು ‘ಕ್ವೇಕ್’ ಮಾಡಿದ ಇಡ್ ಸಾಫ್ಟ್‌ವೇರ್‌ನಲ್ಲಿ ಕೆಲಸ ಕಲಿತವರು. (ಅಮೆರಿಕನ್ ಅನ್ನುವುದು ಅವರ ಹೆಸರೇ, ದೇಶದ ಗುರುತಲ್ಲ.) 2000ದ ಆಟವನ್ನು ರೋಗ್ ಎಂಟರ್‌ಟೈನ್ಮೆಂಟ್ ಮಾಡಿತು, ಇಎ (ಎಲೆಕ್ಟ್ರಾನಿಕ್ ಆರ್ಟ್ಸ್) ಕಂಪನಿ ಪ್ರಕಟಿಸಿತು. ಮನೆಗೆ ಬೆಂಕಿ ಬಿದ್ದು ಅಪ್ಪ ಅಮ್ಮ ತೀರಿಕೊಂಡಿದ್ದಾರೆ, ಬದುಕುಳಿದ ಆಲಿಸ್ ಹುಚ್ಚಾಸ್ಪತ್ರೆಯಲ್ಲಿ ಮಾತಿಲ್ಲದೆ ಬಿದ್ದಿದ್ದಾಳೆ. ಅವಳ ಅದ್ಭುತಲೋಕವೂ ಅವಳಂತೆಯೇ ಕೆಟ್ಟು ನಿಂತಿದೆ. ಚೆಷೈರ್ ಬೆಕ್ಕು ಮೂಳೆ ಕಾಣುವಷ್ಟು ಬಡಕಲು, ಕಿವಿಯಲ್ಲಿ ರಿಂಗು, ಹಲ್ಲಿನಲ್ಲಿ ರಕ್ತ. ಸಂಗೀತ ಕ್ರಿಸ್ ವ್ರೆನ್ನಾ ಅವರದು. ಆಟಿಕೆ ಪಿಯಾನೊ, ಗಡಿಯಾರದ ಟಿಕ್‌ಟಿಕ್, ಮಕ್ಕಳ ದನಿ ಬೆರೆಸಿದ ಆ ಸಂಗೀತವನ್ನು ಆಟ ಆಡದವರೂ ಕೇಳಬೇಕು. ಆಡಲು ಮಾತ್ರ ಇಂದಿನ ಕೈಗಳಿಗೆ ಒರಟು. ಜಿಗಿದರೆ ಎಲ್ಲಿ ಇಳಿಯುತ್ತೇವೆ ಎಂದು ಪಾದದ ಗುರುತು ತೋರಿಸುತ್ತದೆ, ಆದರೂ ಬೀಳುತ್ತೀರಿ.

ಹಾಗಾಗಿ ಹೊಸಬರಿಗೆ ನಾನು ಹೇಳುವುದು ‘ಮ್ಯಾಡ್‌ನೆಸ್ ರಿಟರ್ನ್ಸ್’. ಶಾಂಘೈಯಲ್ಲಿ ಮೆಕ್‌ಗೀ ಕಟ್ಟಿದ ಸ್ಪೈಸಿ ಹಾರ್ಸ್ ಸ್ಟುಡಿಯೊದ ಕೆಲಸ. ಇಲ್ಲಿ ಎರಡು ಲೋಕ. ಒಂದು 1875ರ ಲಂಡನ್: ಬೂದಿ ಬಣ್ಣ, ಕೆಸರು, ಮೀನಿನಂಥ ಮುಖದ ಜನ, ಅನಾಥ ಮಕ್ಕಳ ಮನೆ, ಹಿಪ್ನಾಟಿಸಂ ಮಾಡಿ ನೆನಪು ಅಳಿಸುತ್ತೇನೆ ಎನ್ನುವ ಡಾಕ್ಟರ್ ಬಂಬಿ. ಇನ್ನೊಂದು ಅವಳ ತಲೆಯೊಳಗಿನ ಲೋಕ. ಅದನ್ನು ಸೀಳಿಕೊಂಡು ಒಂದು ರೈಲು ಹೋಗುತ್ತಿದೆ, ಹೋದಲ್ಲೆಲ್ಲ ಹಾಳು. ರೈಲು ಯಾರದು ಎಂದು ತಿಳಿಯುವ ಹೊತ್ತಿಗೆ ಎರಡು ಲೋಕವೂ ಒಂದಾಗುತ್ತವೆ. ಆ ಒಂದು ತಿಳಿವಿಗಾಗಿ ಇಡೀ ಆಟ ಆಡಬಹುದು.

ಬಾಡಿಗೆ ಕೋಣೆಯಲ್ಲಿ ರಾತ್ರಿ ಹೆಡ್‌ಫೋನ್ ಹಾಕಿ ಆಡುತ್ತಿದ್ದಾಗ ನನ್ನನ್ನು ಹಿಡಿದದ್ದು ಒಂದು ಸದ್ದು. ಎಲ್ಲೋ ಗೋಡೆಯ ಹಿಂದೆ ಹಂದಿಯೊಂದು ಮೂಗು ಸೊರಗುಟ್ಟುತ್ತದೆ. ಸದ್ದಿನ ಜಾಡು ಹಿಡಿದು ಹೋದರೆ ರೆಕ್ಕೆ ಇರುವ ಒಂದು ಹಂದಿಮೂಗು ಗಾಳಿಯಲ್ಲಿ ತೇಲುತ್ತಿದೆ, ಮೆಣಸಿನ ಗಿರಣಿಯಿಂದ ಅದಕ್ಕೆ ಮೆಣಸು ಹೊಡೆದರೆ ಸೀನುತ್ತದೆ, ಮುಚ್ಚಿದ ದಾರಿ ತೆರೆಯುತ್ತದೆ. ಗುಂಡಿ ಒತ್ತಿದರೆ ಆಲಿಸ್ ಬೆರಳುದ್ದ ಕುಗ್ಗುತ್ತಾಳೆ. ಆಗ ಕಾಣದ ಮೆಟ್ಟಿಲು, ಗೋಡೆಯ ಮೇಲೆ ಗೀಚಿದ ಬರಹ ಮಿಂಚುತ್ತವೆ. ಏಟು ತಪ್ಪಿಸಿಕೊಂಡಾಗಲೆಲ್ಲ ಅವಳು ನೀಲಿ ಪಾತರಗಿತ್ತಿಗಳಾಗಿ ಚೆದುರಿ ಮತ್ತೆ ಕೂಡುತ್ತಾಳೆ. ಇವೆಲ್ಲ ಎಷ್ಟು ಚೆಂದವೋ, ಒಂದೊಂದು ಅಧ್ಯಾಯ ಅಷ್ಟೇ ಉದ್ದ. ಜಿಗಿ, ತೇಲು, ಗುಂಡಿ ಒತ್ತು, ಮತ್ತೆ ಜಿಗಿ. ನಡುವೆ ಬೇಸರ ಬರುತ್ತದೆ. ಅಧ್ಯಾಯ ಬದಲಾದರೆ ಲೋಕವೇ ಬದಲಾಗುತ್ತದೆ, ಅಲ್ಲಿಯವರೆಗೆ ತಾಳ್ಮೆ ಇರಲಿ. ಕಾದಾಟ ಪಿನೋಕಿಯೊನಷ್ಟು ಕಠಿಣವಲ್ಲ, ಸತ್ತರೂ ಹೆಚ್ಚೇನೂ ಕಳೆದುಕೊಳ್ಳುವುದಿಲ್ಲ.

ಹಳೆಯ ಲ್ಯಾಪ್‌ಟಾಪ್ ಇದ್ದವರಿಗೆ ಇದೇ ಸರಿ, 10 ಜಿಬಿಯೊಳಗೆ ಮುಗಿಯುತ್ತದೆ. ಪಿಸಿಯಲ್ಲಿ ಆಟ ಸೆಕೆಂಡಿಗೆ 30 ಫ್ರೇಮಿಗೆ ಕಟ್ಟಿಹಾಕಿದಂತೆ ಓಡುತ್ತದೆ. ಆಲಿಸ್‌ಎಂಜಿನ್ ಎಂಬ ಐಎನ್‌ಐ ಫೈಲನ್ನು (AliceEngine.ini) ನೋಟ್‌ಪ್ಯಾಡಿನಲ್ಲಿ ತೆರೆದು ಮ್ಯಾಕ್ಸ್ ಸ್ಮೂದ್ಡ್ ಫ್ರೇಮ್ ರೇಟ್ (MaxSmoothedFrameRate) ಎಂಬಲ್ಲಿರುವ ಅಂಕಿಯನ್ನು 60ರ ಆಸುಪಾಸಿಗೆ ಏರಿಸಿದರೆ ಸರಾಗವಾಗುತ್ತದೆ. ಅದಕ್ಕಿಂತ ಮೇಲೆ ಏರಿಸಬೇಡಿ, ಜಿಗಿತದ ಲೆಕ್ಕ ತಪ್ಪಬಹುದು.

ಬಾರದ ಸೀಕ್ವೆಲ್

ಎರಡು ಲೋಕಗಳ ನಡುವಿನ ನಿಜವಾದ ವ್ಯತ್ಯಾಸ ಇಲ್ಲಿದೆ, ಆರಿಸುವಾಗ ನಾನು ಇದಕ್ಕೇ ಹೆಚ್ಚು ತೂಕ ಕೊಡುತ್ತೇನೆ. ಆಲಿಸಳಿಗೂ ಮೂರನೇ ಆಟ ಬರಬೇಕಿತ್ತು. ‘ಆಲಿಸ್: ಅಸೈಲಮ್’ ಎಂದು ಹೆಸರಿಟ್ಟು ಮೆಕ್‌ಗೀ ವರ್ಷಗಟ್ಟಲೆ ಅಭಿಮಾನಿಗಳ ಮುಂದೆಯೇ ಕೆಲಸ ಮಾಡಿದರು. ಅಭಿಮಾನಿಗಳು ದುಡ್ಡು ಕೊಟ್ಟು ಬೆಂಬಲಿಸುವ ಪೇಟ್ರಿಯಾನ್ ಜಾಲತಾಣದಲ್ಲಿ ಜನ ತಿಂಗಳು ತಿಂಗಳು ಹಣ ಹಾಕಿದರು, ಚಿತ್ರಗಳು, ಕಥೆ, ಪಾತ್ರಗಳು ಎಲ್ಲ ಸೇರಿ ನೂರಾರು ಪುಟದ ವಿನ್ಯಾಸವಾಯಿತು. ಹಕ್ಕು ಮಾತ್ರ ಇಎ ಬಳಿ ಇತ್ತು. 2023ರ ಏಪ್ರಿಲ್‌ನಲ್ಲಿ ಇಎ ಹಣ ಹಾಕುವುದಿಲ್ಲ ಎಂದಿತು, ಹಕ್ಕು ಬಿಟ್ಟುಕೊಡಲೂ ಒಪ್ಪಲಿಲ್ಲ. ಮೆಕ್‌ಗೀ ಆಟ ಮಾಡುವ ಕೆಲಸದಿಂದಲೇ ಹಿಂದೆ ಸರಿದರು. ಸ್ಪೈಸಿ ಹಾರ್ಸ್ 2016ರಲ್ಲೇ ಮುಚ್ಚಿತ್ತು. ಇಎ ಒಲ್ಲೆ ಎಂದ ಸುದ್ದಿ ಬಂದ ದಿನ ನಾನು ಮತ್ತೆ ಮ್ಯಾಡ್‌ನೆಸ್ ರಿಟರ್ನ್ಸ್ ಹಾಕಿ, ಮೊದಲ ಜಲಪಾತದ ಹತ್ತಿರ ಆಲಿಸಳನ್ನು ಸುಮ್ಮನೆ ನಿಲ್ಲಿಸಿಕೊಂಡು ಕೂತಿದ್ದೆ. ಇದೇ ಮೆಕ್‌ಗೀ ಎರಡು ದಶಕದ ಹಿಂದೆ ಓಝ್ ಕಥೆಯ ಮೇಲೂ ಒಂದು ಕತ್ತಲ ಆಟಕ್ಕೆ ಕೈ ಹಾಕಿದ್ದರು, ಅದೂ ರದ್ದಾಯಿತು. ಅವರು ತಲುಪಲಾಗದ ಊರಿನ ಬಾಗಿಲನ್ನು ಈಗ ಕೊರಿಯಾದವರು ತಟ್ಟುತ್ತಿದ್ದಾರೆ.

ಆದ್ದರಿಂದ ಆಲಿಸಳನ್ನು ಆರಿಸುವವರು ಅದನ್ನು ಮುಗಿದ ಕಥೆ ಎಂದೇ ಆಡಿ. 2011ರ ಅಂತ್ಯ ತನ್ನಷ್ಟಕ್ಕೆ ಪೂರ್ತಿಯಾಗಿದೆ. ಅದನ್ನು ಮೂರನೆಯದರ ಮುನ್ನುಡಿ ಎಂದುಕೊಂಡರೆ ನೋವು, ಕೊನೆ ಎಂದುಕೊಂಡರೆ ಅದರ ಬಿರುಸು ನಿಮಗೆ ತಟ್ಟುತ್ತದೆ.

ಹಾಗಾದರೆ ಯಾವುದು?

ಒಂದೇ ಆಟಕ್ಕೆ ಸಮಯ, ದುಡ್ಡು ಇದ್ದರೆ ‘ಲೈಸ್ ಆಫ್ ಪಿ’, ಸುಲಭದ ಹಂತದಲ್ಲಾದರೂ ಸರಿ. ಅದರ ದಾರಿ ಮುಂದಕ್ಕಿದೆ. ನನಗೆ ಮೊದಲ ಸಲ ಸುಮಾರು 35 ಗಂಟೆ ಹಿಡಿಯಿತು, ಓವರ್ಚರ್‌ಗೆ ಇನ್ನೊಂದು 12. ಕಠಿಣ ಕಾದಾಟ ಬೇಡ, ಕಥೆಯೂ ಚಿತ್ರವೂ ಸಾಕು ಎನ್ನುವವರಿಗೆ, ವಾರಾಂತ್ಯ ಎರಡೇ ಇದ್ದವರಿಗೆ ಮ್ಯಾಡ್‌ನೆಸ್ ರಿಟರ್ನ್ಸ್. ಮನೆಯಲ್ಲಿ ಈಚೆಗೆ ಸಾವು ನೋವು ಕಂಡವರು ಆಲಿಸಳನ್ನು ಸ್ವಲ್ಪ ದಿನ ಮುಂದಕ್ಕೆ ಹಾಕಿ. ಮನೆಯವರೆಲ್ಲ ಹೋಗಿ ತಾನೊಬ್ಬಳೇ ಬದುಕಿದೆನಲ್ಲ ಎಂಬ ಅವಳ ಸಂಕಟ ನೇರ ಎದೆಗೆ ಬರುತ್ತದೆ. ಹಳೆಯ ಆಟಗಳ ಒರಟುತನ ಇಷ್ಟಪಡುವವರು 2000ದ್ದನ್ನು ಹುಡುಕಿ. 2011ರ ಆಟದ ಕನ್ಸೋಲ್ ಆವೃತ್ತಿಯ ಜೊತೆ ಅದನ್ನೂ ಕೊಟ್ಟಿದ್ದರು.

ಪಿನೋಕಿಯೊನನ್ನು ಆರಿಸಿದವರಿಗೆ ಕೊನೆಯದಾಗಿ ಇಷ್ಟು. ಮೂರು ಅಂತ್ಯಗಳಿವೆ, ಯಾವುದು ಸಿಗುತ್ತದೆ ಅನ್ನುವುದು ಕಿಟಕಿ ಕಿಟಕಿಗಳಲ್ಲಿ ನೀವು ಕೊಟ್ಟ ಉತ್ತರಗಳ ಮೇಲೂ ಕಟ್ಟಕಡೆಗೆ ಗೆಪೆಟ್ಟೊ ಕೇಳುವ ಒಂದು ವಸ್ತುವಿನ ಮೇಲೂ ನಿಂತಿದೆ. ಹೋಟೆಲ್ ಕ್ರಾಟ್‌ನಲ್ಲಿ ಗ್ರಾಮೊಫೋನ್ ಇದೆ, ಸಿಕ್ಕ ರೆಕಾರ್ಡುಗಳನ್ನೆಲ್ಲ ತಂದು ಹಾಕಿ, ಹಾಡು ಮುಗಿಯುವವರೆಗೆ ಅಲ್ಲೇ ನಿಂತು ಕೇಳಿ, ಅದಕ್ಕೂ ಬೆಲೆಯಿದೆ. ಕ್ರೆಡಿಟ್ಸ್ ಓಡುವಾಗ ಎದ್ದು ಹೋಗಬೇಡಿ.